ಚಾಕು ಕಂಡದ್ದು ನನಗೊಬ್ಬಳಿಗೇ

ಚಾಕು ಚಿಕ್ಕದು. ಹಣ್ಣು ಹೆಚ್ಚುವಂಥದ್ದು, ಹಳದಿ ಪ್ಲಾಸ್ಟಿಕ್ ಹಿಡಿ. ಅಂಥದೇ ಒಂದು ನಮ್ಮ ಮನೆಯಲ್ಲೂ ಇತ್ತು. ಆ ಮಧ್ಯಾಹ್ನದ ನಂತರ ನನ್ನ ಗಂಡ ಅದನ್ನು ಎಲ್ಲಿ ಎಸೆದರೋ ನಾನು ಕೇಳಲಿಲ್ಲ. ಚಾಕು ಹಿಡಿದವನ ಮುಖ ನೆನಪಿಲ್ಲ. ಪೊಲೀಸರು ಕೇಳಿದಾಗಲೂ ನೆನಪಿರಲಿಲ್ಲ. ನೆನಪಿರುವುದು ಆ ಹಳದಿ, ಅದರ ಮೇಲೆ ಕೂತ ಹೆಬ್ಬೆರಳಿನ ಕಚ್ಚಿ ತಿಂದ ಉಗುರು, ಮತ್ತೆ ನಾನು ತಲೆ ಅಲ್ಲಾಡಿಸಿದ ರೀತಿ.

ಇಷ್ಟು ವರ್ಷಗಳ ಮೇಲೂ ಪಾತ್ರೆ ತೊಳೆಯುತ್ತಿರುವಾಗ, ಟ್ರಾಫಿಕ್ ದೀಪಕ್ಕೆ ಕಾಯುತ್ತಿರುವಾಗ ಅದು ಇದ್ದಕ್ಕಿದ್ದ ಹಾಗೆ ಮೊದಲಿನಿಂದ ಶುರುವಾಗುತ್ತದೆ. ಪ್ರತಿಸಲವೂ ನಾನು ಬೇರೆ ಏನಾದರೂ ಮಾಡಲು ನೋಡುತ್ತೇನೆ. ಆಗುವುದಿಲ್ಲ. ಆದರೆ ಆ ಭಯದ ಮಗ್ಗುಲಲ್ಲೇ ಇನ್ನೊಂದು ಸಂಗತಿ ನಡೆಯಿತು. ಅದನ್ನು ಅರ್ಥಮಾಡಿಕೊಳ್ಳುವ ಆಸೆ ನನಗೆ ಇನ್ನೂ ಹೋಗಿಲ್ಲ. ಬರೆಯಲು ಕೂತದ್ದು ಅದಕ್ಕೇ.

ನಾನು ಬೆಂಗಳೂರಿನಲ್ಲಿ ಬಿ.ಫಾರ್ಮ ಓದಿದವಳು. ಎಂಬತ್ತರ ದಶಕದ ಕೊನೆಯಲ್ಲಿ ಮದುವೆಯಾಗಿ ಸಿಡ್ನಿಗೆ ಬಂದೆ. ಊರಂಚಿನ ಒಂದು ಸಬರ್ಬಿನಲ್ಲಿ, ರೈಲಿನ ಸದ್ದಿಗೆ ಕಿಟಕಿ ಅದುರುವ ಇಟ್ಟಿಗೆ ಫ್ಲ್ಯಾಟಿನಲ್ಲಿ ಒಂದಷ್ಟು ಕಾಲ ಇದ್ದೆವು. ಆಮೇಲೆ ನನ್ನ ಗಂಡನಿಗೆ ಮೆಲ್ಬರ್ನಿನ ಯೂನಿವರ್ಸಿಟಿಯಲ್ಲಿ ಕೆಲಸ ಸಿಕ್ಕಿ, ಕ್ಲೇಟನ್ನಿನಲ್ಲಿ ಮನೆ ರೆಂಟಿಗೆ ಹಿಡಿದೆವು. ನನ್ನ ಡಿಗ್ರಿ ಅಲ್ಲಿ ಹಾಗೆಯೇ ನಡೆಯುತ್ತಿರಲಿಲ್ಲ. ಪರೀಕ್ಷೆ ಬರೆಯಬೇಕು, ಒಬ್ಬ ಫಾರ್ಮಸಿಸ್ಟರ ಕೈಕೆಳಗೆ ತರಬೇತಿ ಮುಗಿಸಬೇಕು, ಕೊನೆಗೆ ಅವರು ಈಕೆ ನಂಬಿಕಸ್ಥೆ ಎಂದು ಹೇಳಬೇಕು. ಮೊದಲ ಎರಡು ನನ್ನ ಕೈಯಲ್ಲಿದ್ದವು. ಮೂರನೆಯದು ಇನ್ನೊಬ್ಬರ ಬಾಯಲ್ಲಿತ್ತು.

ಆ ಇನ್ನೊಬ್ಬರು ಒಬ್ಬ ವಯಸ್ಸಾದ ಯಹೂದಿ. ಯುದ್ಧ ಮುಗಿದ ಮೇಲೆ ಯೂರೋಪಿನಿಂದ ಹಡಗಿನಲ್ಲಿ ಬಂದವರು. ಟ್ರ್ಯಾಮ್ ಓಡಾಡುವ ಒಂದು ಬೀದಿಯಲ್ಲಿ ಅವರ ಕೆಮಿಸ್ಟ್ ಅಂಗಡಿ. ಸುತ್ತಮುತ್ತ ಯಹೂದಿಗಳ ಮನೆಗಳೇ ಹೆಚ್ಚು. ಶನಿವಾರ ಇಡೀ ಬೀದಿ ಬಾಗಿಲು ಹಾಕುತ್ತಿತ್ತು, ಭಾನುವಾರ ತೆರೆಯುತ್ತಿತ್ತು. ಅಲ್ಲಿ ನಾನು ಅಸಿಸ್ಟೆಂಟ್ ಆಗಿ ಸೇರಿದೆ.

ಮೊದಲ ದಿನ ಅವರು ಕೊಟ್ಟ ಬಿಳಿ ಕೋಟು ಹಾಕಿಕೊಂಡು ಕರ್ಚೀಫ್ ಇಡಲು ಹೋದರೆ ಜೇಬಿನೊಳಕ್ಕೆ ಕೈ ಇಳಿಯಲಿಲ್ಲ. ಬಾಯಿ ಹೊಲಿದಿತ್ತು. ಅವರ ಕೋಟಿನ ಜೇಬೂ ಹಾಗೆಯೇ. ಮಾರ್ಫೀನ್‌ನಂಥ, ಒಂದೊಂದಕ್ಕೂ ಲೆಕ್ಕ ಇಡಬೇಕಾದ ಔಷಧಗಳನ್ನು ಗೋಡೆಗೆ ಬೋಲ್ಟ್ ಹಾಕಿದ ಒಂದು ಕಬ್ಬಿಣದ ಸೇಫಿನಲ್ಲಿ ಇಡುತ್ತಿದ್ದರು. ಬೀಗದಕೈ ಅವರ ಹತ್ತಿರವೇ. ಆದರೂ ಒಬ್ಬರೇ ಅದನ್ನು ತೆರೆಯುತ್ತಿರಲಿಲ್ಲ. ನನ್ನನ್ನು ಕರೆದು ಪಕ್ಕದಲ್ಲಿ ನಿಲ್ಲಿಸಿಕೊಳ್ಳುತ್ತಿದ್ದರು.

"ಮಾತಾಡು" ಎನ್ನುತ್ತಿದ್ದರು.

"ಏನು ಮಾತಾಡಲಿ?"

"ಏನಾದ್ರೂ. ನಾನು ಉತ್ತರ ಕೊಡ್ತಾ ಇರಬೇಕು, ಅಷ್ಟೇ."

ಕೆಲವು ವಾರ ನಾನು ಹವಾಮಾನದ ಬಗ್ಗೆ ಮಾತನಾಡಿದೆ. ಮೆಲ್ಬರ್ನಿನಲ್ಲಿ ಅದಕ್ಕೆ ಬರವಿಲ್ಲ. ಕೊನೆಗೆ ತಡೆಯಲಾರದೆ ಕೇಳಿಯೇಬಿಟ್ಟೆ. ಅವರಿಗೆ ಖುಷಿಯಾಯಿತು, ಕೇಳಲಿ ಎಂದೇ ಕಾದಿದ್ದವರಂತೆ. ಬಹಳ ಹಿಂದೆ ಜೆರುಸಲೇಮಿನಲ್ಲಿ ಅವರ ದೇವಾಲಯವಿದ್ದಾಗ ಅದರ ಭಂಡಾರದೊಳಕ್ಕೆ ಹೋಗುವವನು ಮಡಿಕೆಯಿರುವ ಬಟ್ಟೆ ಹಾಕುವಂತಿರಲಿಲ್ಲವಂತೆ, ಪಾದರಕ್ಷೆಯೂ ಇಲ್ಲ. ಮುಂದೆ ಅವನು ಶ್ರೀಮಂತನಾದರೆ ಅಲ್ಲಿಂದ ಹೊತ್ತು ತಂದ ಅನ್ನಬಾರದಲ್ಲ. ಒಳಗೆ ಹೋದಾಗಿನಿಂದ ಹೊರಗೆ ಬರುವವರೆಗೆ ಅವನನ್ನು ಮಾತನಾಡಿಸುತ್ತಲೇ ಇರುತ್ತಿದ್ದರು. ಬಾಯೊಳಗೆ ಏನೂ ಇಟ್ಟುಕೊಂಡಿಲ್ಲ ಎಂದು ಎಲ್ಲರಿಗೂ ಗೊತ್ತಾಗಲಿ ಅಂತ.

"ಅಷ್ಟು ಅನುಮಾನವಾ ಅವನ ಮೇಲೆ?"

"ಅನುಮಾನ ಇದ್ದಿದ್ರೆ ಒಳಗೆ ಬಿಡ್ತಾನೇ ಇರಲಿಲ್ಲ. ನಂಬಿಕೆ ಇರೋದಕ್ಕೇ ಈ ಏರ್ಪಾಡು. ನಂಬಿರೋನ ಹೆಸರು ಕೆಡಬಾರದು ಅಂತ."

ದೇವಾಲಯದ ಧೂಪ ಮಾಡುವ ಮನೆತನವೊಂದಿತ್ತಂತೆ. ದೇವರ ಧೂಪದಿಂದಲೇ ಹಚ್ಚಿಕೊಂಡರು ಅನ್ನಿಸಿಕೊಳ್ಳಬಾರದೆಂದು ಆ ಮನೆಯ ಹೆಣ್ಣುಮಕ್ಕಳು ಮದುವೆಯ ದಿನವೂ ಸುಗಂಧ ಹಚ್ಚುತ್ತಿರಲಿಲ್ಲ. ಸೊಸೆಯರನ್ನು ತರುವಾಗಲೂ ಈ ಮಾತು ಮೊದಲೇ ಒಪ್ಪಿಸಿ ತರುತ್ತಿದ್ದರು. ನಮ್ಮ ಮಾಲೀಕರು ಇದನ್ನು ಬರೀ ಕಥೆಯಾಗಿ ಹೇಳುತ್ತಿರಲಿಲ್ಲ. ತಮಗೆ ನೆಗಡಿಯಾದರೆ, ಕಣ್ಣುರಿ ಬಂದರೆ, ರಸ್ತೆ ದಾಟಿ ಎದುರಿನ ಕೆಮಿಸ್ಟ್ ಹತ್ತಿರ ಔಷಧ ಕೊಳ್ಳುತ್ತಿದ್ದರು. ತಮ್ಮ ಅಂಗಡಿಯ ಶೆಲ್ಫಿನಿಂದ ಒಂದು ಕೆಮ್ಮಿನ ಗುಳಿಗೆಯನ್ನೂ ಬಾಯಿಗೆ ಹಾಕಿಕೊಂಡವರಲ್ಲ. ಎದುರಿನವನು ಅವರ ಪ್ರತಿಸ್ಪರ್ಧಿ. "ನಿಮ್ಮ ಮಾಲೀಕರ ಶೀತದಿಂದಲೇ ನನ್ನ ಅಂಗಡಿ ನಡೀತಿದೆ" ಎಂದು ಅವನು ನನಗೆ ಒಮ್ಮೆ ಹೇಳಿದ್ದ.

ಒಂದು ದಿನ ಸೇಫಿನ ಮುಂದೆ ಮಾತನಾಡುವ ಸರದಿ ಬಂದಾಗ ನಾನು ನಮ್ಮ ಗಾದೆ ಹೇಳಿದೆ. ಈಚಲು ಮರದ ಕೆಳಗೆ ಕೂತು ಮಜ್ಜಿಗೆ ಕುಡಿದರೂ ಜನ ಹೆಂಡ ಅಂತಾರೆ.

"ಈಚಲು ಅಂದ್ರೆ?"

"ಖರ್ಜೂರದ ಜಾತಿ. ಅದರಿಂದ ಹೆಂಡ ಇಳಿಸ್ತಾರೆ."

"ನಮ್ಮ ಪೂರ್ವಜರ ದೇಶದ ತುಂಬಾ ಖರ್ಜೂರ. ಈ ಉಪಯೋಗ ನಮಗ್ಯಾರೂ ಹೇಳಲೇ ಇಲ್ಲ ನೋಡು." ಬೀಗ ಹಾಕಿ ತಿರುಗಿದರು. "ಹಾಗಾದ್ರೆ ನಿಮ್ಮಲ್ಲೂ ಇದೆ ಇದು."

ಇದೆ, ಆದರೆ ಹೀಗಿಲ್ಲ ಎಂದು ನನಗನ್ನಿಸಿತು. ನಮ್ಮ ಸೋದರಮಾವನೊಬ್ಬರು ನೆಂಟರ ಮದುವೆಗಳಲ್ಲಿ ಉಗ್ರಾಣ ನೋಡಿಕೊಳ್ಳುತ್ತಿದ್ದರು. ಹೊರಡುವಾಗ ತಮ್ಮ ಕೈಚೀಲವನ್ನು ಅಂಗಳದಲ್ಲಿ ತಲೆಕೆಳಗು ಮಾಡಿ ಝಾಡಿಸಿ ಹೋಗುತ್ತಿದ್ದರು. ಮಕ್ಕಳಾದ ನಾವು ಅದನ್ನು ಅವರ ನಾಟಕ ಎಂದು ನಗುತ್ತಿದ್ದೆವು. ಇಲ್ಲಿ ಅದೇ ನಾಟಕ ಧರ್ಮವಾಗಿತ್ತು. ದೇವರ ಮುಂದೆಯೂ ಚೊಕ್ಕವಾಗಿರಬೇಕು, ಜನರ ಮುಂದೆಯೂ ಚೊಕ್ಕವಾಗಿರಬೇಕು; ಒಂದಿದ್ದರೆ ಇನ್ನೊಂದು ಬೇಡ ಅನ್ನುವಂತಿಲ್ಲ ಎನ್ನುತ್ತಿದ್ದರು ಅವರು. "ದೇವರದು ಸುಲಭ. ಅವನಿಗೆ ಗೋಡೆ ಅಡ್ಡ ಬರಲ್ಲ. ಜನಕ್ಕೆ ಅಡ್ಡ ಬರತ್ತೆ."

ಆ ಮಧ್ಯಾಹ್ನ ಅವರ ಕಣ್ಣು ಕೆಂಪಾಗಿತ್ತು. ಅಂಗಡಿಯಲ್ಲಿ ಹೆಚ್ಚು ಜನರಿರಲಿಲ್ಲ. "ಕಣ್ಣಿನ ಹನಿ ತಂದುಬಿಡ್ತೀನಿ, ಈಗ ಬಂದೆ" ಎಂದು ಕೋಟು ಕಳಚಿ ರಸ್ತೆ ದಾಟಿದರು. ಸೇಫಿಗೆ ಬೀಗ ಹಾಕಿತ್ತು, ಬೀಗದಕೈ ಅವರ ಜೊತೆ ಹೋಯಿತು.

ನಮ್ಮ ಕೌಂಟರಿನ ಒಂದು ತುದಿಯಲ್ಲಿ ನಾವು ಒಳಗೆ ಹೊರಗೆ ಓಡಾಡಲು ಸಂದಿಯಿತ್ತು. ಗಿರಾಕಿಗಳು ಅಲ್ಲಿಗೆ ಬರುತ್ತಿರಲಿಲ್ಲ. ಅವನು ನೇರ ಅಲ್ಲಿಗೇ ಬಂದು ನಿಂತ. ಉದ್ದ ಕೋಟು. ಅದರ ಒಳಗಿನಿಂದ ಕೈ ಅರ್ಧ ಹೊರಗೆ ಬಂತು, ಕೈಯಲ್ಲಿ ಹಳದಿ ಹಿಡಿ. ಒಂದು ಪಕ್ಕದಲ್ಲಿ ಕೌಂಟರಿನ ಮೂಲೆ, ಇನ್ನೊಂದು ಪಕ್ಕದಲ್ಲಿ ಅವನ ಕೋಟಿನ ಸೆರಗು. ಚಾಕು ಕಾಣುವ ಜಾಗದಲ್ಲಿ ನಿಂತವಳು ಜಗತ್ತಿನಲ್ಲಿ ನಾನೊಬ್ಬಳೇ.

ಅವನು ಬಹಳ ಮೆಲ್ಲಗೆ, ಸಭ್ಯವಾಗಿ, ನಿದ್ದೆ ಮಾತ್ರೆ ಮತ್ತು ನೋವಿನ ಮಾತ್ರೆಗಳ ಹೆಸರು ಹೇಳಿದ. ಕೊಡ್ತೀಯಾ ಎಂದು ಕೇಳಿದ.

ನಾನು ಆಗಲಿ ಎಂದು ತಲೆ ಅಲ್ಲಾಡಿಸಿದೆ. ನಮ್ಮ ಊರಿನ ರೀತಿಯಲ್ಲಿ, ಆ ಭುಜದಿಂದ ಈ ಭುಜಕ್ಕೆ. ನಮ್ಮಲ್ಲಿ ಯಾರಿಗೆ ಕೇಳಿದರೂ ಅದು ಒಪ್ಪಿಗೆ. ಅವನಿಗೆ ಅದು ನಿರಾಕರಣೆಯಂತೆ ಕಂಡಿತು. ಚಾಕು ಮುಂದಕ್ಕೆ ಬಂತು. ನನ್ನ ಕೋಟಿನ ಬಟ್ಟೆ ಒಳಕ್ಕೆ ಒತ್ತಿದ್ದು, ಅದರ ಹಿಂದೆ ಚರ್ಮ ಒತ್ತಿದ್ದು ಬೇರೆಬೇರೆಯಾಗಿ ಗೊತ್ತಾಯಿತು. ಹೆದರಿ ನಾನು ಇನ್ನೂ ಜೋರಾಗಿ ಅದೇ ಥರ ತಲೆ ಅಲ್ಲಾಡಿಸಿದೆ. ಕೊಡುತ್ತೇನೆ, ಕೊಡುತ್ತೇನೆ ಎಂದು ನನ್ನ ಇಡೀ ಮೈ ಹೇಳುತ್ತಿತ್ತು, ಬಾಯಿ ಮಾತ್ರ ತೆರೆಯಲಿಲ್ಲ. ಮನಸ್ಸು ಮತ್ತೆ ಮತ್ತೆ ಮರಳುವುದು ಈ ಜಾಗಕ್ಕೇ. ಒಂದು ‘ಯೆಸ್’ ಅಂದಿದ್ದರೆ ಸಾಕಿತ್ತು.

ಬಾಯಿ ಬಿಡುವ ಬದಲು ಒಳಗೆ ಹೋದೆ. ಅವನು ಕೇಳಿದವು ಸೇಫಿನಲ್ಲಿಡುವಂಥವಲ್ಲ. ಶೆಲ್ಫುಗಳಲ್ಲಿ ಯಾವ ಮಾತ್ರೆ ಎಲ್ಲಿದೆ ಎಂದು ನನ್ನ ಕೈಗೆ ಗೊತ್ತಿತ್ತು; ಹುಡುಕಬೇಕಾಗಲಿಲ್ಲ. ತೆಗೆದುಕೊಂಡು ಬಂದೆ. ಆಮೇಲೆ ಮಾಡಿದ್ದು ನನ್ನ ಬುದ್ಧಿ ಹೇಳಿದ್ದಲ್ಲ, ಅಭ್ಯಾಸ ಹೇಳಿದ್ದು. ಡಬ್ಬಿಗಳನ್ನು ಕಾಗದದ ಚೀಲಕ್ಕೆ ಹಾಕಿ, ಬಾಯಿ ಮಡಿಸಿ, ಬಲಗೈಯಲ್ಲಿ ಹಿಡಿದು, ಎಡಗೈಯನ್ನು ಬಲಮೊಣಕೈಗೆ ತಾಗಿಸಿ ಕೊಟ್ಟೆ. ದೊಡ್ಡವರಿಗೆ ತಾಂಬೂಲ ಕೊಡುವಾಗ ಕೊಡುವ ಹಾಗೆ. ಅವನು "ಥ್ಯಾಂಕ್ಸ್, ಲವ್" ಅಂದ, ಅಲ್ಲಿನ ಗಿರಾಕಿಗಳು ಅನ್ನುವ ಹಾಗೆ. ಕೈ ಕೋಟಿನೊಳಗೆ ಹೋಯಿತು. ಅವನು ಅವಸರವಿಲ್ಲದೆ ನಡೆದುಕೊಂಡು ಹೊರಗೆ ಹೋದ.

ನಾನು ಕಿರುಚಲಿಲ್ಲ. ಬಟ್ಟೆ ತೆಗೆದುಕೊಂಡು ಕೌಂಟರ್ ಒರೆಸಿದೆ.

ಮಾಲೀಕರು ಹನಿಯ ಬಾಟಲಿ ಹಿಡಿದು ವಾಪಸ್ ಬಂದಾಗಲೂ ಒರೆಸುತ್ತಲೇ ಇದ್ದೆನಂತೆ. "ಒಬ್ಬ ಗಿರಾಕಿ ದುಡ್ಡು ಕೊಡದೆ ಹೋದ" ಎಂದೆನಂತೆ. ನನಗೆ ನೆನಪಿಲ್ಲ. ಅವರು ನನ್ನ ಕೋಟಿನ ಮೇಲೆ ಬಿದ್ದಿದ್ದ ಸಣ್ಣ ತೂತು ನೋಡಿ ಬಟ್ಟೆಯನ್ನು ನನ್ನ ಕೈಯಿಂದ ಬಿಡಿಸಿಕೊಂಡರು.

ಅಂಗಡಿಯಲ್ಲಿ ಆಗ ಇನ್ನೊಬ್ಬರಿದ್ದರು. ಬಿಸಿನೀರಿನ ರಬ್ಬರ್ ಚೀಲಗಳನ್ನು ನೇತುಹಾಕಿದ ಸ್ಟ್ಯಾಂಡಿನ ಹಿಂದೆ ಒಬ್ಬ ಅಜ್ಜಿ. ಹೃದಯದ ಮಾತ್ರೆಗೆ ತಪ್ಪದೆ ಬರುವ ವಿಧವೆ. ಊರುಗೋಲು, ತಲೆಗೆ ಸದಾ ಹ್ಯಾಟು. ಆ ಬೀದಿಯಲ್ಲಿ ಯಾರಿಗೆ ಏನಾಯಿತು ಎಂಬುದು ಆಕೆಯ ಮೂಲಕವೇ ಹರಡುತ್ತಿತ್ತು. ಪೊಲೀಸರು ಕೇಳಿದಾಗ ಆಕೆ ತಾನು ಕಂಡದ್ದನ್ನು ಕಂಡ ಹಾಗೆ ಹೇಳಿದರು. ಮಾಲೀಕರು ಹೊರಗೆ ಹೋದರು. ಒಬ್ಬ ಗಂಡಸು ಬಂದು, ಗಿರಾಕಿಗಳು ನಿಲ್ಲದ ಜಾಗದಲ್ಲಿ, ಆ ಹುಡುಗಿಯ ಹತ್ತಿರ ನಿಂತ. ಪಿಸುಪಿಸು ಮಾತು. ಅವಳು ಸಲಿಗೆಯವರಂತೆ ತಲೆ ತೂಗಿದಳು. ತಡಕಾಡದೆ ಔಷಧ ತಂದಳು, ಅಂದವಾಗಿ ಕಟ್ಟಿ ಕೊಟ್ಟಳು. ದುಡ್ಡು ತೆಗೆದುಕೊಳ್ಳಲಿಲ್ಲ. ಅವನು ಥ್ಯಾಂಕ್ಸ್ ಹೇಳಿದ. ಚಾಕು? ಯಾವ ಚಾಕು?

ಇದರಲ್ಲಿ ಒಂದು ಮಾತೂ ಸುಳ್ಳಿಲ್ಲ. ಆಕೆಯ ಜಾಗದಲ್ಲಿ ನಿಂತಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ.

ಪೊಲೀಸರು ನನ್ನನ್ನು ಇನ್ನೊಮ್ಮೆ ಕರೆಸಿದರು. ಗದರಿಸಲಿಲ್ಲ, ಅವನ ಪರಿಚಯ ಮೊದಲೇ ಇತ್ತೇ ಎಂದು ಬೇರೆ ಬೇರೆ ಮಾತುಗಳಲ್ಲಿ ಕೇಳಿದರು. ಕೋಟಿನ ತೂತು ಆಮೇಲೆ ಯಾರು ಬೇಕಾದರೂ ಮಾಡಬಹುದಾದದ್ದು. ಅವನು ಸಿಕ್ಕಿದ್ದರೆ ಎಲ್ಲ ಮುಗಿಯುತ್ತಿತ್ತು. ಅವನು ಸಿಗಲಿಲ್ಲ, ಆಗಲೂ ಇಲ್ಲ, ಆಮೇಲೂ ಇಲ್ಲ.

ಅಂಗಡಿಯಲ್ಲಿ ನಮಗೆ ಎರಡು ಕೌಂಟರುಗಳಿದ್ದವು, ಇನ್ನೊಂದರಲ್ಲಿ ಅಲ್ಲಿಯವಳೇ ಒಬ್ಬ ಹುಡುಗಿ, ಆ ಮಧ್ಯಾಹ್ನ ರಜೆಯಲ್ಲಿದ್ದವಳು. ಮುಂದಿನ ವಾರಗಳಲ್ಲಿ ಅವಳ ಮುಂದೆ ಸಾಲು ಬೆಳೆಯುತ್ತಿತ್ತು, ನನ್ನ ಮುಂದೆ ಯಾರೂ ಇರುತ್ತಿರಲಿಲ್ಲ. ಜನ ಕೆಟ್ಟದಾಗಿ ನಡೆದುಕೊಳ್ಳಲಿಲ್ಲ. ನಗುತ್ತಿದ್ದರು, ಆ ಸಾಲಿನಲ್ಲಿ ನಿಲ್ಲುತ್ತಿದ್ದರು. ನನ್ನ ಬಗ್ಗೆ ನಂಬಿಕಸ್ಥೆ ಎಂದು ಹೇಳಬೇಕಾದ ಮನುಷ್ಯ ಇದನ್ನೆಲ್ಲ ನೋಡುತ್ತಾ ಒಳಗೆ ಮಾತ್ರೆ ಎಣಿಸುತ್ತಿದ್ದರು. ಅವರು ಏನು ಯೋಚಿಸುತ್ತಿದ್ದಾರೆ ಎಂದು ನನಗೆ ತಿಳಿಯುತ್ತಿರಲಿಲ್ಲ.

ನಮ್ಮವರಿಗೂ ಸುದ್ದಿ ಮುಟ್ಟಿತು. ಒಂದು ಶನಿವಾರ ಯಾರದೋ ಮನೆಯಲ್ಲಿ ಕನ್ನಡದವರೆಲ್ಲ ಊಟಕ್ಕೆ ಸೇರಿದ್ದೆವು. ಮೈಸೂರಿನ ಕಡೆಯ ಒಬ್ಬ ಆಂಟಿ ಬಿಸಿಬೇಳೆಬಾತ್ ಬಡಿಸುತ್ತಾ ನನ್ನ ತಟ್ಟೆಯ ಹತ್ತಿರ ನಿಂತರು.

"ಅಲ್ಲಮ್ಮಾ, ಅಷ್ಟ್ ಹೊತ್ತು ನಿನ್ ಮುಂದೆ ನಿಂತಿದ್ನಲ್ಲ, ಕಿರುಚ್ಬಾರ್ದಾ?"

"ಬಾಯೇ ಬರ್ಲಿಲ್ಲ ಆಂಟಿ."

"ಪಾಪ. ಪೊಲೀಸ್ನೋರು ಎರಡ್ ಸಲ ಕರೆಸಿದ್ರಂತೆ? ಬೆಂಕಿ ಇಲ್ದೆ ಹೊಗೆ ಆಡಲ್ಲ ಅಂತಾರಪ್ಪಾ ಜನ. ನಾನಲ್ಲ ಮತ್ತೆ, ಜನ. ಇನ್ ಸ್ವಲ್ಪ ಹಾಕ್ಲಾ?"

ಕಾರಿನಲ್ಲಿ ವಾಪಸ್ ಬರುವಾಗ ನನ್ನ ಗಂಡ ಹೇಳಿದರು. "ಬಿಟ್ಬಿಡೇ ಆ ಕೆಲಸ. ಬೇರೆ ಕಡೆ ಟ್ರೈನಿಂಗ್ ಮಾಡಿದ್ರಾಯ್ತು. ಒಂದ್ ವರ್ಷ ಲೇಟಾಗತ್ತೆ, ಆಗ್ಲಿ."

"ಬೇರೆ ಕಡೆಯವ್ರು ಮೊದ್ಲು ಇವ್ರಿಗೇ ಫೋನ್ ಮಾಡ್ತಾರೆ ರೀ, ಯಾಕೆ ಬಿಟ್ಲು ಅಂತ."

"ನಿಂದೇನೂ ತಪ್ಪಿಲ್ಲ ಅಂತ ಹೇಳ್ತಾರೆ."

"ಹೇಳ್ತಾರೆ. ತಪ್ಪಿಲ್ದಿದ್ರೆ ಓಡ್ಹೋಗಿದ್ಯಾಕೆ ಅಂತ ಅವ್ರು ಕೇಳ್ತಾರೆ."

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ ನಮ್ಮಲ್ಲಿ. ಪ್ರಮಾಣಿಸುವವರು ಯಾರು, ಹೇಗೆ ಎಂಬುದನ್ನು ಗಾದೆ ಹೇಳುವುದಿಲ್ಲ.

ಕೆಲವು ದಿನ ಕಳೆದು ಮಾಲೀಕರು ನನ್ನನ್ನು ಒಳಗೆ ಕರೆದು ಕೂರಿಸಿದರು. ಶಿಫಾರಸು ಕೊಡಲಾಗುವುದಿಲ್ಲ ಎಂದು ಹೇಳಲಿಕ್ಕೇ ಎಂದುಕೊಂಡೆ.

"ನೀನು ಚೊಕ್ಕವಾಗಿದೀಯ ಅಂತ ನಂಗೊತ್ತು. ಫಾರ್ಮಸಿ ಬೋರ್ಡಿಗೆ ಇವತ್ತೇ ಬರೆದು ಕಳಿಸಬಹುದು. ಆದ್ರೆ ಅದು ಅರ್ಧ ಕೆಲಸ" ಎಂದರು. "ನಿಂಗೆ ಒಂದು ಕಷ್ಟದ ಮಾತು ಕೇಳ್ಬೇಕು. ಬೇಡ ಅಂದ್ರೆ ಬೇಡ. ಇನ್ನೊಂದು ಸಲ ಮಾಡಿ ತೋರಿಸ್ತೀಯಾ?"

ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಒಪ್ಪಲು ಇನ್ನೂ ಸ್ವಲ್ಪ. ಈ ಸಲ ತಲೆ ಅಲ್ಲಾಡಿಸಲಿಲ್ಲ. ಬಾಯಿ ಬಿಟ್ಟು ಯೆಸ್ ಅಂದೆ.

ಊಟದ ಹೊತ್ತಿಗೆ ಬಾಗಿಲಿನ ಬೋರ್ಡ್ ತಿರುಗಿಸಿ ಅಜ್ಜಿಯನ್ನು ಕರೆಸಿದರು. ಆಕೆ ಬರುವಾಗಲೇ ಸಿಟ್ಟಿನಲ್ಲಿದ್ದರು.

"ನಾನು ಸುಳ್ಳು ಹೇಳಿಲ್ಲ."

"ಇಲ್ಲ. ನಿಮ್ಮ ಜಾಗಕ್ಕೆ ಹೋಗಿ ನಿಂತ್ಕೊಳ್ಳಿ."

ಅಜ್ಜಿ ರಬ್ಬರ್ ಚೀಲಗಳ ಹಿಂದೆ ಹೋಗಿ ಊರುಗೋಲು ಊರಿ ನಿಂತರು. ಮಾಲೀಕರು ತಮ್ಮ ಚಳಿಗಾಲದ ಕೋಟು ಹಾಕಿಕೊಂಡು ಕೌಂಟರಿನ ಸಂದಿಗೆ ಬಂದರು. ಅವರ ಕೈಯಲ್ಲಿ ಮುಲಾಮು ಕಲಸುವ ಉಕ್ಕಿನ ಚಪ್ಪಟೆ ಅಲಗು ಇತ್ತು. ಅದರಿಂದ ಬೆಣ್ಣೆಯನ್ನಷ್ಟೇ ಕತ್ತರಿಸಬಹುದು. "ಕ್ಷಮಿಸು" ಎಂದು ಪಿಸುಗುಟ್ಟಿ ಅದನ್ನು ನನ್ನ ಕೋಟಿಗೆ ತಾಗಿಸಿದರು.

"ಏನು ಕಾಣ್ತಿದೆ?" ಎಂದು ಅಜ್ಜಿಗೆ ಕೂಗಿ ಕೇಳಿದರು.

"ನೀನು ಕಾಣ್ತೀಯ. ಅವಳು ಕಾಣ್ತಾಳೆ. ಆವತ್ತಿನ ಹಾಗೇ."

"ನನ್ನ ಕೈ?"

"ನಿನ್ನ ಕೈ ನಿನ್ನ ಹತ್ರ ಇರಬೇಕು. ನಂಗೇನು ಗೊತ್ತು."

"ಅವಳ ಮುಖ?"

"ನಿನ್ನ ಭುಜ ಅಡ್ಡ ಇದೆ. ತಲೆ ತೂಗ್ತಿರೋದು ಕಾಣ್ತಿದೆ."

ನಾನು ತಲೆ ತೂಗುತ್ತಿದ್ದೆನೇ? ಮಾಡಬೇಕೆಂದು ಮಾಡಿದ್ದಲ್ಲ. ಅಲಗು ತಾಗಿದ ಕೂಡಲೇ ಅದು ತಾನಾಗಿಯೇ ಶುರುವಾಗಿತ್ತು.

"ಈಗ ಈ ಕಡೆ ಬನ್ನಿ."

ಊರುಗೋಲಿನ ಸದ್ದು ಕೌಂಟರನ್ನು ಸುತ್ತಿ ಬಂತು. ಮಾಲೀಕರು ಅಲುಗಾಡಲಿಲ್ಲ. ಅಜ್ಜಿ ಮೊದಲು ಅಲಗನ್ನು ನೋಡಿದರು, ಆಮೇಲೆ ನನ್ನ ಮುಖ ನೋಡಿದರು. ಅಳುತ್ತಿದ್ದೇನೆಂದು ನನಗೇ ತಿಳಿದಿರಲಿಲ್ಲ.

"ತೆಗಿ ಅದನ್ನ" ಎಂದರು ಆಕೆ. ಮಾಲೀಕರು ಅಲಗು ತೆಗೆಯುವುದು ಅರೆಗಳಿಗೆ ತಡವಾದದ್ದಕ್ಕೆ ಅವರ ಕೈಗೆ ಊರುಗೋಲಿನಿಂದ ಒಂದು ಕೊಟ್ಟರು. ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ ತಾವೂ ಹತ್ತಿರ ನಿಂತರು.

ಆಮೇಲೆ ಅಜ್ಜಿ ಅವರ ಕಡೆ ತಿರುಗಿದರು. "ನೀನು ಎಲ್ಲಿಗೆ ಹೋಗಿದ್ದೆ ಆವತ್ತು?"

"ಎದುರುಗಡೆ. ಕಣ್ಣಿನ ಹನಿಗೆ."

"ಅಂಗಡಿ ತುಂಬಾ ಕಣ್ಣಿನ ಹನಿ ಇಟ್ಕೊಂಡು?"

"ನನ್ನ ಅಂಗಡೀದು ನಾನು ತಗೊಳ್ಳಲ್ಲ, ನಿಮಗೇ ಗೊತ್ತು."

"ಗೊತ್ತು. ಬೀದಿಗೆಲ್ಲ ಗೊತ್ತು. ನಿನ್ನ ಹೆಸರು ಹೊಳೀತಾ ಇರ್ಲಿ ಅಂತ ರಸ್ತೆ ದಾಟಿದೆ, ಈ ಹುಡುಗಿ ಹೆಸರು ಮಣ್ಣಾಯ್ತು. ಭಂಡಾರದಲ್ಲಿ ಒಬ್ಬರನ್ನೇ ಬಿಡಬಾರದು ಅಂತ ನಮಗೆಲ್ಲ ಪಾಠ ಹೇಳ್ತೀಯಲ್ಲ, ಇವಳನ್ನ ಒಬ್ಬಳನ್ನೇ ಬಿಟ್ಟೆಯಲ್ಲ."

ಮಾಲೀಕರು ಅಲಗನ್ನು ಕೈಯಲ್ಲಿ ತಿರುಗಿಸುತ್ತಾ ನಿಂತರು. "ನಾನೂ ಆವತ್ತಿನಿಂದ ಅದನ್ನೇ ಯೋಚಿಸ್ತಿದೀನಿ" ಎಂದರು.

ಅವರು ಅಷ್ಟು ದಿನ ಒಳಗೆ ಕೂತು ಏನು ಯೋಚಿಸುತ್ತಿದ್ದರು ಎಂದು ನನಗೆ ಗೊತ್ತಾದದ್ದು ಆಗ. ನನ್ನ ಪ್ರಾಮಾಣಿಕತೆಯನ್ನಲ್ಲ, ತಮ್ಮದನ್ನು. ಮುಂದೆ ಅವರು ಎದುರಿನ ಅಂಗಡಿಯಿಂದಲೇ ಔಷಧ ತರಿಸಿಕೊಂಡರು, ಆದರೆ ಎದುರಿನವನೇ ರಸ್ತೆ ದಾಟಿ ತಂದುಕೊಡುತ್ತಿದ್ದ.

ಅಜ್ಜಿ ಹೊರಡಲಿಲ್ಲ. ತಮಗೆ ಇನ್ನೊಂದು ಕೆಲಸವಿದೆ ಎಂದರು. ತಪ್ಪಿಲ್ಲದವರ ಮೇಲೆ ಅನುಮಾನಪಟ್ಟವರು ಬರೀ ಕ್ಷಮೆ ಕೇಳಿದರೆ ಸಾಲದು, ಅವರನ್ನು ಸಮಾಧಾನಪಡಿಸಿ ಹರಸಬೇಕು. ಅವರಲ್ಲಿ ಹಾಗೆ ನಿಯಮವಂತೆ. ಹಿಂದೆ ಮಕ್ಕಳಿಲ್ಲದ ಒಬ್ಬ ಹೆಂಗಸು ಬರೀ ತುಟಿ ಅಲ್ಲಾಡಿಸುತ್ತಾ ಪ್ರಾರ್ಥಿಸುತ್ತಿದ್ದಳಂತೆ. ಪುರೋಹಿತ ನೋಡಿ, ಕುಡಿದು ಬಂದಿದ್ದಾಳೆ ಎಂದು ಗದರಿದ. ತಪ್ಪು ಗೊತ್ತಾದ ಮೇಲೆ, ನೀನು ಬೇಡಿದ್ದು ಸಿಗಲಿ ಎಂದು ಹರಸಿದ.

"ಆಯ್ತಾ ಮಗು?" ನನಗೆ ಕುತೂಹಲ ತಡೆಯಲಿಲ್ಲ.

"ಆಯ್ತು, ಗಂಡುಮಗು. ನಿಂಗೇನು ಬೇಕು ಹೇಳು ಡಾರ್ಲಿಂಗ್. ಮಗು ಬೇಕಾ?"

"ಈಗಲೇ ಬೇಡ."

"ಪರೀಕ್ಷೆ ಪಾಸಾಗಬೇಕಾ?"

"ಅದು ನಾನೇ ಓದ್ಕೊಂಡು ಆಗ್ತೀನಿ."

"ಜಂಬ ನೋಡು. ಮತ್ತೇನು? ಏನಾದ್ರೂ ಬೇಡು, ಇಲ್ಲದಿದ್ರೆ ನಾನು ಮನೆಗೆ ಹೋಗೋ ಹಾಗಿಲ್ಲ."

ನಾನು ಯೋಚಿಸಿದೆ. ಪೊಲೀಸರಿಗೆ ಹೋಗಿ ಹೇಳುತ್ತೇನೆ ಎಂದು ಆಕೆ ಆಗಲೇ ಹೇಳಿಯಾಗಿತ್ತು, ಆಮೇಲೆ ಹೋಗಿ ಹೇಳಿದರು ಕೂಡ. ನನಗೆ ಬೇಕಾಗಿದ್ದುದು ಅದಲ್ಲ.

"ಶುಕ್ರವಾರ ಬೆಳಿಗ್ಗೆ ಬನ್ನಿ. ಅಂಗಡಿ ತುಂಬಿರೋವಾಗ. ನನ್ನ ಕೌಂಟರಿಗೆ."

"ಮಗು ಕೇಳಿದ್ರೇ ಸುಲಭ ಇತ್ತು" ಎಂದು ಅಜ್ಜಿ ಹ್ಯಾಟು ಸರಿಮಾಡಿಕೊಂಡು ಹೋದರು.

ಶುಕ್ರವಾರ ಸಂಜೆಗೆ ಅವರ ವಿಶ್ರಾಂತಿಯ ದಿನ ಶುರು. ಮಧ್ಯಾಹ್ನದೊಳಗೆ ಎಲ್ಲರೂ ಬ್ರೆಡ್ಡು, ಮೀನು, ಔಷಧ ಎಲ್ಲವನ್ನೂ ಕೊಂಡು ಮುಗಿಸಬೇಕು. ಆ ಶುಕ್ರವಾರ ಹುಡುಗಿಯ ಸಾಲು ಬಾಗಿಲಿನವರೆಗೆ ಹೋಗಿತ್ತು. ನನ್ನ ಮುಂದೆ ಖಾಲಿ ನೆಲ. ಅಜ್ಜಿ ಒಳಗೆ ಬಂದರು. ನನ್ನ ಕಡೆ ನೋಡಲಿಲ್ಲ. ನೇರ ಆ ಉದ್ದ ಸಾಲಿನ ಕಡೆಗೇ ನಡೆದರು.

ಮನಸ್ಸು ಬದಲಾಯಿಸಿದರು ಎಂದುಕೊಂಡೆ. ಕೈಗೆ ಕೆಲಸ ಬೇಕಾಗಿ ಚೀಲಗಳ ಕಟ್ಟು ಬಿಚ್ಚಿದೆ.

ಸಾಲಿನ ನಡುವೆ ನಿಂತು ಆಕೆ ಊರುಗೋಲಿನಿಂದ ನೆಲಕ್ಕೆ ಕುಟ್ಟಿ, ಅವರ ಹಳೆಯ ಭಾಷೆಯಲ್ಲಿ ಏನೋ ಹೇಳಿದರು. ಚಿಕ್ಕ ಮಾತು. ಕೆಲವರು ನಕ್ಕರು. ಒಬ್ಬ ಗಡ್ಡದವರು ನೆಲ ನೋಡಿದರು. ಒಳಗಿನಿಂದ ಮಾಲೀಕರು ತಲೆ ಹೊರಗೆ ಹಾಕಿದರು.

"ಏನಂದ್ರು ನನ್ನ ಬಗ್ಗೆ?" ಎಂದು ಮೆಲ್ಲಗೆ ಕೇಳಿದೆ.

"ನಿನ್ನ ಬಗ್ಗೆ ಏನೂ ಅನ್ನಲಿಲ್ಲ. ತನ್ನ ಬಗ್ಗೆ ಹೇಳಿಕೊಂಡ್ಲು. ನನ್ನ ಕಣ್ಣಿಗೆ ಎಂಬತ್ತಾಯ್ತು, ನಾಲಿಗೆಗೆ ಇನ್ನೂ ಹದಿನೆಂಟು, ಎರಡನ್ನೂ ಒಟ್ಟಿಗೆ ನಂಬಿದ ಮೂರ್ಖರು ನೀವು ಅಂದ್ಲು."

ಅಷ್ಟರಲ್ಲಿ ಅಜ್ಜಿ ನನ್ನ ಮುಂದೆ ಬಂದು ನಿಂತಿದ್ದರು. ಹೃದಯದ ಮಾತ್ರೆ ಕೊಟ್ಟೆ. ಅದು ಸಾಲದೆಂದು ಬ್ಯಾಂಡೇಜ್ ಕೇಳಿದರು, ಸೋಪು ಕೇಳಿದರು, ಆ ಸೋಪು ಬೇಡ ಈ ಸೋಪು ಎಂದರು. ಬೆಲೆ ಜಾಸ್ತಿಯಾಯಿತೆಂದು ಜೋರಾಗಿ ಜಗಳ ತೆಗೆದರು. ಎಲ್ಲರಿಗೂ ಕಾಣುವಷ್ಟು ಹೊತ್ತು ಅಲ್ಲಿ ನಿಲ್ಲಲು ಆಕೆಗೆ ಬೇಕಾದಷ್ಟು ನೆಪಗಳಿದ್ದವು. ಆಕೆಯ ಹಿಂದೆ ಒಬ್ಬ ಹೆಂಗಸು ಬಂದು ನಿಂತಳು. ಅವಳ ಹಿಂದೆ ಆ ಗಡ್ಡದವರು.

ಹೆಂಗಸಿನ ಕೆಲಸ ಮುಗಿಯಿತು. ಗಡ್ಡದವರು ಮುಂದೆ ಬಂದು ವೈದ್ಯರ ಚೀಟಿ ತೆಗೆಯಲೆಂದು ಕೋಟಿನೊಳಕ್ಕೆ ಕೈ ಹಾಕಿದರು. ನಾನು ಹಿಂದಕ್ಕೆ ಸರಿದೆ. ಬೆನ್ನು ಶೆಲ್ಫಿಗೆ ತಾಗಿ ಬಾಟಲಿಗಳು ಸದ್ದಾದವು. ಎಲ್ಲರೂ ನನ್ನನ್ನೇ ನೋಡಿದರು. ಅವರು ಕೈ ಹಾಗೆಯೇ ಇಟ್ಟುಕೊಂಡು ಏನು ತಪ್ಪಾಯಿತೆಂದು ತಿಳಿಯದೆ ನಿಂತರು.

ಅಜ್ಜಿ ಇನ್ನೂ ಹೋಗಿರಲಿಲ್ಲ. ಪಕ್ಕದಲ್ಲೇ ಸೋಪುಗಳನ್ನು ಕೈಚೀಲಕ್ಕೆ ತುಂಬಿಕೊಳ್ಳುತ್ತಿದ್ದರು. ಊರುಗೋಲು ಎತ್ತಿ ಆ ಗಡ್ಡದವರ ಮೊಣಕೈಗೆ ಮೆಲ್ಲಗೆ ತಟ್ಟಿದರು.

"ಕೈ ಹೊರಗೆ ತೆಗಿಯಪ್ಪಾ" ಎಂದರು. "ನಿಧಾನಕ್ಕೆ. ಹ್ಞಾಂ, ಅವಳಿಗೆ ಕಾಣೋ ಹಾಗೆ."